ಬಂಗಾರದ ಜೌಗು, ಅಕ್ಕಿಯ ಕಣಜ

ಕನಜಾವಾ ಎಂಬ ಹೆಸರು ಕಿವಿಗೆ ಬಿದ್ದರೆ ಕನ್ನಡಿಗರಿಗೆ ಕಣಜ ನೆನಪಾದೀತು. ಜಪಾನಿ ಭಾಷೆಯಲ್ಲಿ ಅದರ ಅರ್ಥ ಬಂಗಾರದ ಜೌಗುನೆಲ. ತೋಗೊರೊ ಎಂಬ ಬಡವನೊಬ್ಬ ಕಾಡುಗೆಣಸು ಅಗೆದು ಬದುಕುತ್ತಿದ್ದನಂತೆ. ಅವನು ಚಿಲುಮೆಯಲ್ಲಿ ಗೆಣಸು ತೊಳೆದಾಗ ಮಣ್ಣಿನ ಜತೆ ಬಂಗಾರದ ಕಣಗಳೂ ಉದುರಿದವಂತೆ. ಕೆನ್ರೊಕುಎನ್ ಉದ್ಯಾನದ ಪಕ್ಕದಲ್ಲಿ ಆ ಚಿಲುಮೆಯನ್ನು ಇಂದಿಗೂ ತೋರಿಸುತ್ತಾರೆ.

ಜಪಾನಿನ ಪಶ್ಚಿಮ ಕಡಲ ಬದಿಗೆ, ಇಶಿಕಾವಾ ಪ್ರಾಂತ್ಯದಲ್ಲಿ, ಸಾಯ್ ಮತ್ತು ಅಸಾನೊ ಎಂಬ ಎರಡು ಹೊಳೆಗಳ ನಡುವಿನ ದಿಬ್ಬದ ಮೇಲೆ ಈ ಊರಿನ ಕೋಟೆ ಇದೆ. ಅಲ್ಲಿ ಮೊದಲು ಇದ್ದದ್ದು ಗುಡಿ. 1488ರಲ್ಲಿ ಬೌದ್ಧ ಪಂಥವೊಂದರ ರೈತರೂ ಭಿಕ್ಷುಗಳೂ ಸೇರಿ ಇಲ್ಲಿನ ಪಾಳೆಯಗಾರನನ್ನು ಸೋಲಿಸಿ, ಹೆಚ್ಚುಕಡಿಮೆ ನೂರು ವರ್ಷ ತಾವೇ ನಾಡನ್ನು ನಡೆಸಿದರು. 1546ರಲ್ಲಿ ಅವರು ಕಟ್ಟಿದ ಗುಡಿಯ ಜಾಗದಲ್ಲೇ ಕೋಟೆ ಎದ್ದಿತು. 1583ರಲ್ಲಿ ಮಾಯೆದಾ ತೋಶಿಇಎ ಅದನ್ನು ಹೊಕ್ಕ ಮೇಲೆ ಹದಿನಾಲ್ಕು ತಲೆಮಾರು ಆ ಮನೆತನದ ಆಳ್ವಿಕೆ. ಆ ಕಾಲದಲ್ಲಿ ಸೀಮೆಯ ಸಿರಿಯನ್ನು ಅಕ್ಕಿಯಿಂದ ಅಳೆಯುತ್ತಿದ್ದರು. ಒಂದು ಕೊಕು ಎಂದರೆ ಒಬ್ಬನಿಗೆ ವರ್ಷಕ್ಕೆ ಸಾಕಾಗುವ ಅಕ್ಕಿ, ಸುಮಾರು 180 ಲೀಟರ್. ಮಾಯೆದಾ ಸೀಮೆಯ ಲೆಕ್ಕ ಹತ್ತು ಲಕ್ಷ ಕೊಕು ದಾಟಿತ್ತು. ನಮ್ಮ ಕಿವಿಗೆ ಕೇಳಿಸಿದ ಕಣಜ ಸುಳ್ಳೇನಲ್ಲ.

ಇಷ್ಟು ಸಿರಿಯಿದ್ದ ಒಡೆಯರ ಮೇಲೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಶೋಗನ್ನರ ಕಣ್ಣಿತ್ತು. ಹಾಗಾಗಿ ಈ ಒಡೆಯರು ಹಣವನ್ನು ಕತ್ತಿಗೆ ಸುರಿಯದೆ ಚಹಾಕೂಟಕ್ಕೆ, ಮೆರುಗೆಣ್ಣೆಯ ಕೆಲಸಕ್ಕೆ, ನೇಯ್ಗೆಗೆ, ಬಂಗಾರದ ತಗಡು ಬಡಿಯುವವರಿಗೆ ಸುರಿದರು. 1631ರ ಬೆಂಕಿಯಲ್ಲಿ ಊರು ಸುಟ್ಟ ಮರುವರ್ಷ ತತ್ಸುಮಿ ಕಾಲುವೆ ತೋಡಿಸಿ ಮೇಲಿನ ಹೊಳೆಯ ನೀರನ್ನು ಕೋಟೆಗೆ ತಂದರು. 1676ರಲ್ಲಿ ಮೊದಲುಗೊಂಡು ತಲೆಮಾರುಗಳ ಕಾಲ ಬೆಳೆದ ಕೆನ್ರೊಕುಎನ್ ಉದ್ಯಾನ ಇಂದಿಗೂ ಆ ಕಾಲುವೆಯ ನೀರನ್ನೇ ಕುಡಿಯುತ್ತದೆ. 1874ರಲ್ಲಿ ಅದು ಎಲ್ಲರಿಗೂ ತೆರೆಯಿತು. ಚಳಿಗಾಲ ಬರುವ ಮುನ್ನ ಪೈನ್ ಕೊಂಬೆಗಳು ಹಿಮದ ಭಾರಕ್ಕೆ ಮುರಿಯದಂತೆ ಹಗ್ಗ ಬಿಗಿದು ಛತ್ರಿಯಂತೆ ಎತ್ತಿ ಕಟ್ಟುವುದು ನೋಡಲೇಬೇಕಾದ ಕೆಲಸ. ಎದುರಿಗೇ ಕೋಟೆಯ 1788ರ ಇಶಿಕಾವಾ ಬಾಗಿಲು. ಎರಡನೆಯ ಮಹಾಯುದ್ಧದಲ್ಲಿ ಈ ಊರಿನ ಮೇಲೆ ಬಾಂಬು ಬೀಳಲಿಲ್ಲ. ಹಾಗಾಗಿ ನಾಗಮಾಚಿಯ ಸಮುರಾಯ್ ಕೇರಿಯ ಮಣ್ಣಿನ ಗೋಡೆಗಳೂ, ಹಿಗಾಶಿ ಚಾಯಾದ ಮರದ ಜಾಲರಿಯ ಮನೆಗಳೂ ಉಳಿದಿವೆ.

ಕೋಟೆಯೊಳಗೆ 1949ರಿಂದ ವಿಶ್ವವಿದ್ಯಾಲಯವೊಂದು ನಡೆಯಿತು. 1990ರ ದಶಕದ ಹೊತ್ತಿಗೆ ಅದು ಊರಾಚೆಯ ಕಕುಮಾ ಗುಡ್ಡಕ್ಕೆ ಹೋಯಿತು. ಹೊರದೇಶಗಳಿಂದ ಓದಲು ಬಂದ ಮುಸ್ಲಿಂ ವಿದ್ಯಾರ್ಥಿಗಳಿಗೆ ಅಲ್ಲಿಗೆ ಹತ್ತಿರದ ವಾಕಮತ್ಸು ಭಾಗದಲ್ಲಿ ಈಗ ಮಸೀದಿ ಇದೆ. ಊರು ನೋಡಲು ಬಂದವರಿಗೂ ಅದು ಆಸರೆ. ಇಲ್ಲಿಂದ ನಮಾಜಿನ ದಿಕ್ಕಾದ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಅಂದರೆ ಕಡಲಿನ ಕಡೆಗೇ.

ಇನ್ನು ತಿಂಡಿ. ಚಹಾಕೂಟದ ಒಡೆಯರಿಂದಾಗಿ ಕನಜಾವಾ ಕ್ಯೋಟೊ, ಮತ್ಸುಎಗಳೊಂದಿಗೆ ಜಪಾನಿನ ಮೂರು ಸಿಹಿಯೂರುಗಳಲ್ಲಿ ಒಂದಾಯಿತು. 1625ರಲ್ಲಿ ತೆರೆದ ಮೊರಿಹಾಚಿ ಅಂಗಡಿಯ ಚೋಸೇಯ್ದೆನ್ ಎಂಬ ಸಿಹಿ ಕಂಡರೆ ನಮಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತದೆ. ಜಿಗುಟು ಅಕ್ಕಿಯ ಹಿಟ್ಟು, ವಾಸನ್‌ಬೊನ್ ಎಂಬ ನಯವಾದ ಸಕ್ಕರೆ. ಎರಡನ್ನೂ ಕಲಸಿ ಮರದಚ್ಚಿಗೆ ಒತ್ತುತ್ತಾರೆ. ಮದುವೆಗೆ ಹಂಚುವ ಐದು ಸಿಹಿಗಳು ಸೂರ್ಯ, ಚಂದ್ರ, ಬೆಟ್ಟ, ಕಡಲು, ಹಳ್ಳಿಯ ಗುರುತು. ಒಳಗಿನ ಹೂರಣ ಅಜುಕಿ ಎಂಬ ಕೆಂಪು ಕಾಳಿನದು. ಅಲುಗುವ ಸಿಹಿಗಳನ್ನು ಗಟ್ಟಿಗೊಳಿಸಲು ಹಳೆಯ ಅಂಗಡಿಗಳು ಬಳಸುವುದು ಕಡಲ ಪಾಚಿಯ ಕಾಂತೆನ್. ನಮ್ಮಲ್ಲಿ ಇಫ್ತಾರಿಗೆ ಹಾಲಿನ ಜತೆ ಕುದಿಸುವ ಚೈನಾ ಗ್ರಾಸೇ ಅದು. ಪ್ರಾಣಿಮೂಲದ ಜಿಲಾಟಿನ್ನಿಗೆ ಇಲ್ಲಿ ಕೆಲಸವಿಲ್ಲ. ಯಾರೋ ಬರುತ್ತಾರೆಂದು ಈ ಸಿಹಿಗಳನ್ನು ಬದಲಿಸಿದ್ದಲ್ಲ. ತಲೆಮಾರುಗಳಿಂದ ಇವು ಹೀಗೇ ಇವೆ. ಅವನ್ನು ಒಪ್ಪಿಕೊಳ್ಳಬಲ್ಲ ಅತಿಥಿಗಳು ಈಗ ಬಂದಿದ್ದಾರೆ.

ಆದರೆ ಎಲ್ಲವೂ ಹಾಗಲ್ಲ. ಜುಲೈ 1ರಂದು ಊರೆಲ್ಲ ತಿನ್ನುವ ಹಿಮುರೊ ಮಂಜು ಹಬೆಯ ಕಡುಬಿನಂಥ ಸಿಹಿ. ಚಳಿಗಾಲದಲ್ಲಿ ಕೂಡಿಟ್ಟ ಹಿಮ ಎದೊ ಪಟ್ಟಣದ ಶೋಗನ್ನರನ್ನು ಕರಗದೆ ಮುಟ್ಟಲಿ ಎಂಬ ಹರಕೆಯಿಂದ ಬಂದದ್ದು. ಅದರ ಹಿಟ್ಟನ್ನು ಉಬ್ಬಿಸಲು ಅಕ್ಕಿಯ ಮದ್ಯ ಸೇರಿಸುವ ರೂಢಿ ಇರುವುದರಿಂದ ಕೇಳದೆ ತಿನ್ನಬಾರದು. ಊರಿನ ಹೆಮ್ಮೆಯ ಬಾತುಕೋಳಿಯ ಜಿಬುನಿ ಸಾರಿಗೆ ಸಾಕೆಯನ್ನೂ ಮಿರಿನ್ ಎಂಬ ಸಿಹಿ ಮದ್ಯವನ್ನೂ ಹಾಕುತ್ತಾರೆ. ಬಂಗಾರದ ತಗಡು ಹೊದಿಸಿದ ಐಸ್‌ಕ್ರೀಮ್ ಕೊಳ್ಳುವಾಗಲೂ ಜಿಲಾಟಿನ್ ಇದೆಯೇ ಎಂದು ವಿಚಾರಿಸಬೇಕು. ನೆನಪಿಡಬೇಕಾದ ಮಾತು ಮೂರು: ಬುತಾ ಎಂದರೆ ಹಂದಿ, ಸಾಕೆ ಎಂದರೆ ಮದ್ಯ, ಪೊಟ್ಟಣದ ಮೇಲಿನ ಶುಸೇಯ್ ಎಂದರೆ ಆಲ್ಕೋಹಾಲ್. ಮೀನಿನ ಸಾರು ಒಲ್ಲದ ನಮ್ಮ ಸಸ್ಯಾಹಾರಿಗಳು ದಾಶಿ ಎಂಬ ನಾಲ್ಕನೆಯದನ್ನೂ ಕಲಿಯಬೇಕು.

ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. ಬಟ್ಟಲನ್ನು ತಿರುಗಿಸಿ ನೋಡಿ, ಇದನ್ನು ಮಾಡಿದವರು ಯಾರು ಎಂದು ವಿಚಾರಿಸುವುದು ಚಹಾಕೂಟದ ಮರ್ಯಾದೆಯ ಒಂದು ಭಾಗ. ತಟ್ಟೆಯಲ್ಲಿರುವುದು ಏನೆಂದು ಕೇಳುವ ಅತಿಥಿಯೂ ಅದೇ ಮರ್ಯಾದೆಗೆ ಸೇರಿದವನು. ಹೊಳೆಯ ದಡದ ಕಲ್ಲಿನ ಮೇಲೆ ಕುಳಿತು, ಎಲೆಗಿಂತ ದಂಟನ್ನೇ ಹುರಿದು ಮಾಡುವ ಕಾಗಾ ಬೋಚಾ ಚಹಾ ಹೀರುತ್ತ, ಗೊರೊಜಿಮಾದ ಮರಳುನೆಲದಲ್ಲಿ ಬೆಳೆದ ಸುಟ್ಟ ಸಿಹಿಗೆಣಸನ್ನು ಸುಲಿದು ತಿನ್ನಬಹುದು. ಅದನ್ನು ತಿನ್ನುವ ಮುನ್ನ ಯಾರನ್ನೂ ಏನೂ ಕೇಳಬೇಕಿಲ್ಲ. ಗೆಣಸು ತೊಳೆದವನಿಂದ ಹೆಸರು ಪಡೆದ ಊರಿದು.