ಸಣ್ಣ ಸೆನ್ಸರ್‌ಗೆ ಅಗಲ ನೋಟ ದಕ್ಕಿದ ಬಗೆ

ಕರ್ನಾಟಕದ ಕ್ಯಾಮೆರಾ ಪರಂಪರೆಯಲ್ಲಿ ವನ್ಯಜೀವಿಗಳದ್ದೇ ದೊಡ್ಡ ಪಾಲು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಿಂದ ಹಿಡಿದು ಕೃಪಾಕರ–ಸೇನಾನಿಯವರೆಗೆ ನಮ್ಮವರು ಹೆಸರು ಮಾಡಿದ್ದು ಕಾಡಿನ ಜೀವಿಗಳ ಬೆನ್ನು ಹತ್ತಿ. ಅಂಥ ಹವ್ಯಾಸಿಗಳಿಗೆ, ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ವರವಾಗಿಯೇ ಬಂತು. 300 ಮಿ.ಮೀ. ಲೆನ್ಸ್ ಖರ್ಚಿಲ್ಲದೆ 450 ಮಿ.ಮೀ.ನಷ್ಟು ಹತ್ತಿರ ತೋರಿಸುತ್ತಿತ್ತು. ಅದೇ ಒಂದೂವರೆ ಪಟ್ಟಿನ ಲೆಕ್ಕ ಬೆಟ್ಟ, ಬಯಲು, ಕಡಲತೀರ ತೆಗೆಯುವವರ ಪಾಲಿಗೆ ಮಾತ್ರ ಶಾಪವಾಯಿತು.

1999ರಲ್ಲಿ ನಿಕಾನ್ ಡಿ1, ಮರುವರ್ಷ ಕ್ಯಾನನ್ ಡಿ30 ಬಂದವು. ಫಿಲ್ಮ್ ಕಾಲದಲ್ಲಿ ದಿಗಂತವನ್ನೆಲ್ಲ ಬಾಚಿಕೊಳ್ಳುತ್ತಿದ್ದ 17 ಮಿ.ಮೀ. ಲೆನ್ಸ್ ಇವುಗಳ ಮೇಲೆ ಕೂತಾಗ 26–27 ಮಿ.ಮೀ.ನ ಸಾಧಾರಣ ನೋಟಕ್ಕೆ ಇಳಿಯಿತು. ದುಬಾರಿ ಲೆನ್ಸ್ ಕೈಯಲ್ಲಿದ್ದೂ ಅಗಲ ಕಳೆದುಕೊಂಡ ಛಾಯಾಗ್ರಾಹಕರು ಎರಡು ಮೂರು ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ಹೊಲಿದುಕೊಳ್ಳಬೇಕಾಯಿತು.

ಸೆನ್ಸರ್ ಚಿಕ್ಕದಾದರೆ ಲೆನ್ಸನ್ನೂ ಚಿಕ್ಕದು ಮಾಡಿದರೆ ಆಯಿತಲ್ಲ ಎನ್ನಬಹುದು. ಅಡ್ಡ ಬಂದದ್ದು ಕನ್ನಡಿ. ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕು: ನಿಕಾನ್‌ನಲ್ಲಿ 46.5 ಮಿ.ಮೀ., ಕ್ಯಾನನ್‌ನಲ್ಲಿ 44. ಸೆನ್ಸರ್ ಕುಗ್ಗಿದರೂ ಹಳೆಯ ಲೆನ್ಸ್‌ಗಳು ಹೊಂದಬೇಕಾದ್ದರಿಂದ ಈ ಅಂತರ ಕುಗ್ಗಲಿಲ್ಲ. 10 ಮಿ.ಮೀ. ನಾಭಿದೂರದ ಲೆನ್ಸ್ ತನ್ನ ಬಿಂಬವನ್ನು ಅದರ ಮೂರು ನಾಲ್ಕು ಪಟ್ಟು ಹಿಂದಕ್ಕೆ ಎಸೆಯಬೇಕು. ಇದಕ್ಕೆ ಬೇಕಾದ ತಲೆಕೆಳಗಾದ ಟೆಲಿಫೋಟೊ ವಿನ್ಯಾಸವನ್ನು ಫ್ರಾನ್ಸಿನ ಪಿಯೇರ್ ಆಂಜೆನ್ಯೂ 1950ರಲ್ಲೇ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಒಗ್ಗಿಸಿದ್ದರು. ಮುಂದೆ ದೊಡ್ಡ ಗಾಜು, ಹಿಂದೆ ಗಾಜುಗಳ ಸಾಲು, ಅಂಚಿನಲ್ಲಿ ಬಾಗುವ ಗೆರೆಗಳನ್ನು ತಿದ್ದಲು ಇನ್ನಷ್ಟು ಗಾಜು. ಭಾರ, ಬೆಲೆ ಎರಡೂ ಏರಿದ್ದು ಹೀಗೆ.

ಮೊದಲ ಪರಿಹಾರ 2003ರಲ್ಲಿ ಪ್ರಕಟವಾದ ನಿಕಾನ್ 12–24 ಮಿ.ಮೀ. ಎಫ್/4, ನೋಟದ ಕೋನ 99 ಡಿಗ್ರಿ. ಮರುವರ್ಷ ಟೋಕಿನಾ ಅದೇ ಅಳತೆಯಲ್ಲಿ ತನ್ನದೊಂದನ್ನು ತಂದಿತು. ಕ್ಯಾನನ್ ಇನ್ನೂ ಮುಂದೆ ಹೋಯಿತು. ಕ್ರಾಪ್ ಕ್ಯಾಮೆರಾದ ಕನ್ನಡಿ ಚಿಕ್ಕದಿರುವುದರ ಲಾಭ ಪಡೆದು ಹಿಂಬದಿಯ ಗಾಜನ್ನು ಒಳಕ್ಕೆ ಸರಿಸುವ ಇಎಫ್–ಎಸ್ ಸಾಲಿನಲ್ಲಿ 10–22 ತಂದಿತು. 2005ರಲ್ಲಿ ಸಿಗ್ಮಾದ 10–20. ಹನ್ನೆರಡರಿಂದ ಹತ್ತಕ್ಕೆ ಇಳಿಯುವುದು ಸಣ್ಣ ಮಾತಲ್ಲ, ಆ ಎರಡು ಮಿಲಿಮೀಟರಿಗೆ ಸುಮಾರು ಹತ್ತು ಡಿಗ್ರಿ ನೋಟ ಸಿಗುತ್ತದೆ. ಜೂಮ್‌ನ ಇನ್ನೊಂದು ತುದಿ 20 ಇರಲಿ, 24 ಇರಲಿ, ಆ ಜಾಗ ಕಿಟ್ ಲೆನ್ಸ್‌ನಲ್ಲಿ ಹೇಗೂ ಇದೆ.

ಮುಂದಿನ ಪೈಪೋಟಿ ಬೆಳಕಿನದು. 2008ರ ಹೊತ್ತಿಗೆ ಅಂಗಡಿಗೆ ಬಂದ ಟೋಕಿನಾ 11–16 ಎಫ್/2.8 ಹವ್ಯಾಸಿಗಳ ಕಣ್ಮಣಿಯಾಯಿತು. ರಾತ್ರಿಯ ಆಕಾಶಗಂಗೆ ತೆಗೆಯುವವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹಗಲಿನ ದೃಶ್ಯಕ್ಕೆ ಎಫ್/8 ಇಟ್ಟು ಟ್ರೈಪಾಡ್ ಮೇಲೆ ತೆಗೆಯುವವರೂ ಈ ಎಫ್/2.8ರ ಮೋಹಕ್ಕೆ ಹಣ ಸುರಿದದ್ದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ಸೂರ್ಯ ಚೌಕಟ್ಟಿನೊಳಗೆ ಬಂದರೆ ಅದರಲ್ಲಿ ಫ್ಲೇರ್ ಕಾಟವೂ ಇತ್ತು. 2010ರ ಸಿಗ್ಮಾ 8–16 ಅಗಲದಲ್ಲಿ ಎಲ್ಲರನ್ನೂ ಮೀರಿಸಿತು. ಮುಂದಿನ ಗಾಜು ಉಬ್ಬಿಕೊಂಡಿದ್ದರಿಂದ ಮಾಮೂಲಿ ಫಿಲ್ಟರ್ ಹಾಕಲು ಮಾತ್ರ ದಾರಿಯಿರಲಿಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2014ರದು. ಕ್ಯಾನನ್ 10–18 ಎಫ್/4.5–5.6 ಬಂದದ್ದು 299 ಡಾಲರ್‌ಗೆ, ತೂಕ 240 ಗ್ರಾಂ, ಕೈನಡುಕ ತಡೆಯುವ ವ್ಯವಸ್ಥೆ ಬೇರೆ. ಬಳೆ ಪ್ಲಾಸ್ಟಿಕ್ಕಿನದೆಂದು ಮೂಗು ಮುರಿದವರುಂಟು, ಚಿತ್ರ ನೋಡಿದವರು ಸುಮ್ಮನಾದರು. ನಿಕಾನ್ 2017ರಲ್ಲಿ 10–20 ತಂದು ಅದೇ ದಾರಿ ಹಿಡಿಯಿತು. ಇದನ್ನು ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: ಡಿ90, ಡಿ7000, ಡಿ3200ರಂಥ ಹಳೆಯ ಬಾಡಿಗಳಿಗೆ ಇದರ ಫೋಕಸ್ ವ್ಯವಸ್ಥೆ ಒಗ್ಗುವುದಿಲ್ಲ.

ಮಿರರ್‌ಲೆಸ್ ಬಂದು ಕನ್ನಡಿಯೇ ಮಾಯವಾಯಿತು. ಸೋನಿಯಲ್ಲಿ ಬಳೆಗೂ ಸೆನ್ಸರ್‌ಗೂ ನಡುವಿನ ಅಂತರ 18 ಮಿ.ಮೀ. ಮಾತ್ರ. ಜೊತೆಗೆ ಬಾಗಿದ ಗೆರೆಗಳನ್ನು ನೆಟ್ಟಗೆ ಮಾಡುವ ಕೆಲಸ ಗಾಜಿನಿಂದ ಸಾಫ್ಟ್‌ವೇರ್‌ಗೆ ಹೋಯಿತು. 2018ರಲ್ಲಿ ಫ್ಯೂಜಿಫಿಲ್ಮ್‌ನ 8–16 ಎಫ್/2.8 ಎಂಟುನೂರು ಗ್ರಾಂ ದಾಟಿತ್ತು. 2023ರ ಸಿಗ್ಮಾ 10–18 ಅದೇ ಎಫ್/2.8 ಇಟ್ಟುಕೊಂಡು ಅದರ ಮೂರನೇ ಒಂದು ಭಾಗದಷ್ಟೇ ತೂಗುತ್ತದೆ. ಅದೇ ವರ್ಷದ ಕ್ಯಾನನ್ ಆರ್‌ಎಫ್–ಎಸ್ 10–18 ಬರೀ 150 ಗ್ರಾಂ. ನಿಕಾನ್ ತನ್ನ ಝಡ್ ಕ್ರಾಪ್ ಬಳಕೆದಾರರಿಗೆ 12–28 ಕೊಟ್ಟು, ಅಗಲದಲ್ಲಿ ಮತ್ತೆ 2003ಕ್ಕೇ ತಂದು ನಿಲ್ಲಿಸಿದೆ.

ಇನ್ನು ಆಯ್ಕೆ. 10 ಮಿ.ಮೀ.ನಲ್ಲಿ ಎಫ್/8 ಇಟ್ಟು ಸುಮಾರು 65 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ, ಒಂದು ಅಡಿಯಿಂದಾಚೆಗೆ ದಿಗಂತದವರೆಗೂ ಎಲ್ಲ ಸ್ಪಷ್ಟ. ಆಟೊಫೋಕಸ್‌ನ ವೇಗಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ. ಪೋಲರೈಸರ್ ಹಾಕಿದರೆ ಇಷ್ಟು ಅಗಲದ ಆಕಾಶದಲ್ಲಿ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ ಬಣ್ಣ ಬರುವುದುಂಟು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಜೋಗದ ವೀಕ್ಷಣಾ ಕಟ್ಟೆಯಲ್ಲಿ ನಿಂತು 10 ಮಿ.ಮೀ. ಹಚ್ಚಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಿಳಿ ದಾರದೆಳೆಗಳಾಗುತ್ತವೆ. ಹಂಪಿಯ ಮಾತಂಗ ಬೆಟ್ಟದಲ್ಲಿ ಬಂಡೆಯೊಂದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಅದೇ ಲೆನ್ಸ್ ಬೇರೆಯೇ ಆಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಹಳೆಯ ನಿಸರ್ಗ ಚಿತ್ರಗಳ ಮಾಹಿತಿ ತೆರೆದು ನೋಡಿ. ಹೆಚ್ಚಿನವು ಕಿಟ್ ಲೆನ್ಸ್‌ನ 18 ಮಿ.ಮೀ.ನಲ್ಲೇ ಇದ್ದರೆ ಮಾತ್ರ ಮುಂದುವರಿಯಿರಿ. ನಕ್ಷತ್ರ ತೆಗೆಯುವ ಆಸೆಯಿದ್ದರೆ ಎಫ್/2.8. ಇಲ್ಲವಾದರೆ, ಡಿಎಸ್‌ಎಲ್‌ಆರ್ ಇರುವವರು ಸೆಕೆಂಡ್ ಹ್ಯಾಂಡ್ ಕ್ಯಾನನ್ 10–18 ಅಥವಾ ನಿಕಾನ್ 10–20 ಕೊಂಡು, ಉಳಿದ ಹಣಕ್ಕೆ ಗಟ್ಟಿ ಟ್ರೈಪಾಡ್ ತೆಗೆದುಕೊಳ್ಳಲಿ.