ಅಂಗಳದ ಕಸ, ತೋಟದ ಗೊಬ್ಬರ

ಮಲೆನಾಡಿನ ಚರಿತ್ರೆ ಬರೆದವರೆಲ್ಲ ಶಿವಪ್ಪ ನಾಯಕನ ಶಿಸ್ತಿನ ಹತ್ತಿರ ಒಂದು ಗಳಿಗೆ ನಿಂತು, ಕೈ ಮುಗಿದೇ ಮುಂದೆ ಹೋಗುತ್ತಾರೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಈ ಅರಸ ಗದ್ದೆಗಳನ್ನು ಗುಣ ನೋಡಿ ವಿಂಗಡಿಸಿದ, ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕದಲ್ಲಿ ಕಂದಾಯ ಕಟ್ಟಿದ. ಸರಿ, ಮರ ಎಣಿಸಿದ್ದಾಯ್ತು. ಆ ಮರದ ಬುಡಕ್ಕೆ ವರ್ಷಾ ವರ್ಷಾ ಗೊಬ್ಬರ ಎಲ್ಲಿಂದ ಬಂತು? ಅದನ್ನು ಗುಡಿಸಿದವರು ಯಾರು, ಹೊತ್ತವರು ಯಾರು? ಅರಮನೆಯ ಕಡತಕ್ಕೆ ಆ ಉಸಾಬರಿ ಇರಲಿಲ್ಲ. ಆಮೇಲೆ ಬಂದ ಪಂಡಿತರಿಗೂ ಇರಲಿಲ್ಲ. ಹಾಗಾಗಿ ಕಸಬರಿಗೆಯ ಲೆಕ್ಕವನ್ನು ನಾವೇ ಹಿಡಿಯಬೇಕಾಗಿದೆ.

ಗಾಜನೂರು ಮಲೆನಾಡಿನ ಹೊಸ್ತಿಲು. ತುಂಗೆಯ ಅಣೆಕಟ್ಟು ಇರುವುದು ಇಲ್ಲೇ. ಇಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಮೇಲೆ ಹೋದಷ್ಟೂ ಮಳೆ ಹೆಚ್ಚು, ಮರ ಹೆಚ್ಚು, ಉದುರೋ ಎಲೆಯೂ ಹೆಚ್ಚು. ಈ ಕಡೆ ಅಂಗಳ ಚೊಕ್ಕಟ ಮಾಡೋದು ಅಂದರೆ ಪೇಟೆಯ ಬಂಗಲೆಯವರು ಹುಲ್ಲುಹಾಸಿನ ಮೇಲಿನ ಎಲೆ ಹೆಕ್ಕಿಸಿದ ಹಾಗಲ್ಲ. ಅದು ಬೇಸಾಯದ್ದೇ ಒಂದು ಕೆಲಸ. ನಾಲ್ಕು ತಿಂಗಳು ಸುರಿದ ಮಳೆ ನಿಂತ ಮೇಲೆ ಅಂಗಳದ ಹುಲ್ಲು ಕೆತ್ತಬೇಕು, ಹಾವಸೆ ಕೆರೆಯಬೇಕು, ಕೊರಕಲಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ ಸಗಣಿ ಸಾರಿಸಬೇಕು. ಅಡಿಕೆ ಒಣಗೋದು ಅಲ್ಲೇ, ಭತ್ತದ ಕಣ ಆಗೋದೂ ಅಲ್ಲೇ. ಚಳಿ ಕಳೆದು ಎಲೆ ಉದುರಿತೋ, ದರಗು ಗುಡಿಸೋ ಕಾಲ. ದರಗು ಅಂದರೆ ಒಣಗಿ ಬಿದ್ದ ಎಲೆ. ಅದನ್ನು ದೊಡ್ಡ ದೊಡ್ಡ ಕುಕ್ಕೆಗೆ ತುಳಿದು ತುಂಬಿ ಕೊಟ್ಟಿಗೆಗೆ ಹೊರಬೇಕು. ಮುಂಗಾರಿಗೆ ಮೊದಲು ತೋಟದ ಬಸಿಗಾಲುವೆಯ ಹೂಳು ಎತ್ತಬೇಕು. ಮಳೆ ಹಿಡಿದರೆ ದರಗಿನ ಬದಲು ಹಸಿ ಸೊಪ್ಪು. ಒಂದು ಮುಗಿಯೋದರೊಳಗೆ ಇನ್ನೊಂದು.

ಇದರಲ್ಲಿರೋ ವಿಜ್ಞಾನ ದೊಡ್ಡದು. ಬರೀ ದರಗನ್ನು ರಾಶಿ ಹಾಕಿದರೆ ಕೊಳೆಯೋದು ನಿಧಾನ. ಕೊಟ್ಟಿಗೆಯಲ್ಲಿ ಹಾಸಿದರೆ ಅದು ದನದ ಗಂಜಲ ಹೀರಿಕೊಳ್ಳುತ್ತೆ. ಗಂಜಲದಲ್ಲಿ ಸಾರಜನಕ ಇದೆ, ಎಲೆಯಲ್ಲಿ ಇಂಗಾಲ ಇದೆ. ಸಗಣಿಯ ಜೊತೆ ಎರಡೂ ಕಲೆತು ತಿಪ್ಪೆಯಲ್ಲಿ ಬಿಸಿಯಾಗಿ ಬೇಗ ಕಳಿಯುತ್ತೆ. ಹಾಸು ಇಲ್ಲದಿದ್ದರೆ ಗಂಜಲ ಕೊಟ್ಟಿಗೆಯ ಮೋರಿಯಲ್ಲಿ ಹರಿದು ಹೋಗೋದೇ. ಮಲೆನಾಡಿನ ಮಣ್ಣೋ, ಜಡಿಮಳೆಗೆ ಸಾರ ತೊಳೆದುಹೋಗುವಂಥದ್ದು. ಮರದ ಬುಡಕ್ಕೆ ಎಲೆ ಹೊದಿಸಿದರೆ ಹನಿಯ ಪೆಟ್ಟು ಮಣ್ಣಿಗೆ ತಾಗೋದಿಲ್ಲ, ಬೇಸಿಗೆಯಲ್ಲಿ ತೇವ ಆರೋದಿಲ್ಲ.

ತೋಟದಲ್ಲಿ ಬಿದ್ದದ್ದನ್ನೆಲ್ಲ ಹಾಗೇ ಬಿಡಬಾರದು ಅನ್ನೋದೂ ಇದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ. ಅದು ಮಳೆಯಲ್ಲಿ ಹಬ್ಬುವ ಒಂದು ಶಿಲೀಂಧ್ರ ಅಂತ ತೋರಿಸಿ, 1910ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಳಕೆಗೆ ಬಂದದ್ದು ಈ ಕೆಲಸದಿಂದ. ಆದರೆ ಬರೀ ಮದ್ದು ಸಾಲದು. ಕೊಳೆತು ಉದುರಿದ ಕಾಯಿ, ಸತ್ತ ಮರದ ತಲೆ ತೋಟದಲ್ಲೇ ಬಿದ್ದಿದ್ದರೆ ಮುಂದಿನ ಮಳೆಗೆ ರೋಗ ಅಲ್ಲಿಂದಲೇ ಏಳುತ್ತೆ. ಅದನ್ನು ಆಯ್ದು ಸುಡಬೇಕು. ಕೋಲ್ಮನ್ನನ ಹೆಸರು ಪುಸ್ತಕದಲ್ಲಿದೆ, ಇರಬೇಕಾದ್ದೇ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕೊಳೆತ ಕಾಯಿ ಆಯ್ದ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿದೆ?

ಅವರು ಯಾರು ಅನ್ನೋದಕ್ಕೆ ಸರ್ಕಾರಿ ಬರಹದಲ್ಲೇ ಒಂದು ಸುಳಿವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಹೊಲೆಯರು ಎರಡು ಬಗೆ ಎಂದು ಹೇಳಿದೆ: ಹುಟ್ಟಾಳು, ಮಣ್ಣಾಳು. ಒಡೆಯನ ಮನೆಗೇ ವಂಶಪಾರಂಪರ್ಯವಾಗಿ ಸೇರಿದವನು ಹುಟ್ಟಾಳು. ನೆಲದ ಜೊತೆ ಕೈ ಬದಲಾಗುತ್ತಿದ್ದವನು ಮಣ್ಣಾಳು. ತೋಟ ಮಾರಿದರೆ ಅಡಿಕೆ ಮರದ ಹಾಗೆ ಅವನೂ ಮಾರಾಟ! ಶಿವಪ್ಪ ನಾಯಕನ ಕಾಲದಲ್ಲಿ ಮರಕ್ಕಾದರೂ ಲೆಕ್ಕ ಇತ್ತು.

ಎಲೆಯ ಹಕ್ಕನ್ನು ನೋಡಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟರು. ನಮ್ಮ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯೂ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟಗಳಿವೆ. ಈ ಏರ್ಪಾಟಿನಲ್ಲಿ ಬುದ್ಧಿವಂತಿಕೆ ಇದೆ, ಇಲ್ಲ ಅನ್ನೋಲ್ಲ. ಕಾಡಿನ ಎಲೆ ಇಲ್ಲದೆ ತೋಟ ನಿಲ್ಲೋದಿಲ್ಲ. ಆದರೆ ಹಕ್ಕು ಹೋಗಿ ಅಂಟಿಕೊಂಡದ್ದು ತೋಟಕ್ಕೆ. ತೋಟ ಇದ್ದವನಿಗೆ ಬೆಟ್ಟ, ಇಲ್ಲದವನಿಗೆ ಬೆಟ್ಟದಲ್ಲಿ ಕೂಲಿ. ಎಲೆ ಗುಡಿಸಿದವನ ಹಿತ್ತಲಲ್ಲಿ ಒಂದು ಬಸಳೆ ಚಪ್ಪರಕ್ಕೆ ಹಾಕಲು ಹೆಡಿಗೆ ಗೊಬ್ಬರ ಇರಲಿಲ್ಲ. ಹಿತ್ತಲೇ ಇರಲಿಲ್ಲ ಅನ್ನಿ.

ನಮ್ಮಜ್ಜಿ ಹೇಳ್ತಿದ್ಲು, 'ಕಣ ಸಾರಿಸಿದೋರಿಗೆ ಕಣದ ತಳಗಾಳು' ಅಂತ. ರಾಶಿ ಎತ್ತಿದ ಮೇಲೆ ಮಣ್ಣಲ್ಲಿ ಕಲಸಿ ಉಳಿದ ಭತ್ತ. ಅದನ್ನ ಗುಡಿಸಿ, ಕೇರಿ, ತೊಳೆದು ಬೇಯಿಸಿದರೂ ಹಲ್ಲಿಗೆ ಮಣ್ಣು ಸಿಗ್ತಿತ್ತಂತೆ. ದೀಪಾವಳಿ ರಾತ್ರಿ ಒಡೆಯರ ತಿಪ್ಪೆಗೂ ಒಂದು ದೀಪ ಹಚ್ಚುತ್ತಿದ್ದರು. ಆ ತಿಪ್ಪೆ ತುಂಬಿಸಿದವರು ಜಗಲಿ ಹತ್ತೋ ಹಾಗಿರಲಿಲ್ಲ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಮುಂದಾಳು, ಸಮಾಜವಾದಿಗಳಾದ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು, ಜೂನ್‌ನಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿ ಅಳೆಯುವ ಕೊಳಗದ ಅನ್ಯಾಯ ಎಲ್ಲರ ಬಾಯಲ್ಲಿದೆ. ಒಡೆಯನ ಮನೆಯ ಬಿಟ್ಟಿ ಚಾಕರಿಯ ಸಿಟ್ಟೂ ಅದರೊಳಗೆ ಇತ್ತು. ಹೋರಾಡಿದವರು ಹೆಚ್ಚಿನವರು ದೀವರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಗೇಣಿಯೂ ಇಲ್ಲದ, ಬರೀ ಕಸಬರಿಗೆ-ಗುದ್ದಲಿಯ ಆಳುಗಳಿಗೆ? ಅದೇ ಕಾಯಿದೆಯ ಕಲಂ 38 ಕೂಲಿಕಾರನಿಗೆ ಅವನು ವಾಸವಿದ್ದ ಗುಡಿಸಲಿನ ಅಡಿಜಾಗವನ್ನು, ಅದಕ್ಕೆ ಹೊಂದಿದ ನೆಲವನ್ನು ಕೊಟ್ಟಿತು. ಕಾಯಿದೆಯ ಭಾಷೆಯಲ್ಲಿ ಅದೊಂದು ಸಣ್ಣ ಕಲಂ. ನಮ್ಮ ಭಾಷೆಯಲ್ಲಿ, ಒಂದು ಅಂಗಳ. ಎರಡು ವರ್ಷ ಬಿಟ್ಟು, 1976ರಲ್ಲಿ ಜೀತ ರದ್ದತಿಯ ಕಾನೂನು ಬಂತು.

ಪೇಟೆಯ ಕಸದ ಕಥೆ ಇದಕ್ಕಿಂತ ಬೇರೆಯಲ್ಲ. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮಣ್ಣು ಮೆತ್ತಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. 'ಬೆಂಗಳೂರು ವಿಧಾನ' ಅಂತಲೇ ಅದು ಹೆಸರಾಯಿತು. ವಿಧಾನ ಒಳ್ಳೆಯದೇ. ಆದರೆ ಆ ಗುಂಡಿಯವರೆಗೆ ಮಲ ನಡೆದುಕೊಂಡು ಬರಲಿಲ್ಲ, ತಲೆಗಳ ಮೇಲೆ ಬಂತು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಬೇಕಾಯಿತು.

ಇವತ್ತು ಶಿವಮೊಗ್ಗ-ಭದ್ರಾವತಿಯ ಬಡಾವಣೆಗಳಲ್ಲಿ ಬೆಳಗ್ಗೆ ಎಲೆ ರಾಶಿಗೆ ಬೆಂಕಿ ಇಡ್ತಾರೆ, ಸಂಜೆ ಹೂಕುಂಡಕ್ಕೆ ಅಂತ ಅಂಗಡಿಯಿಂದ ಎರೆಗೊಬ್ಬರದ ಚೀಲ ತರ್ತಾರೆ. ಕಸ ಸುಡಬಾರದು, ಮನೆಯ ಕೈತೋಟದ ಕಸವನ್ನು ಬೇರೆ ಇಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಸುಟ್ಟರೆ ಎಲೆಯ ಸಾರಜನಕ ಹೊಗೆಯಲ್ಲಿ ಹೋಯ್ತು. ಹೊಗೆ ಮೊದಲು ಹೋಗೋದು ಗುಡಿಸಿದವಳ ಎದೆಗೆ.

ನಾನು ಓದಿದ ಶಾಲೆಯೊಂದರಲ್ಲಿ ಶನಿವಾರ ಅಂಗಳ ಗುಡಿಸೋ ಪಾಳಿ ಇತ್ತು. ಪಟ್ಟಿ ಹಾಕೋ ಅಗತ್ಯವೇ ಇರಲಿಲ್ಲ. ಮೇಷ್ಟ್ರು ಕಣ್ಣು ಹಾಯಿಸಿದ ಕಡೆ ನಾವೇ ಕೂತಿರ್ತಿದ್ವಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ.

ಇದನ್ನು ಓದುವ ಹಳ್ಳಿಯ ಮೇಷ್ಟ್ರುಗಳೇ, ಶಾಲೆಯ ಅಂಗಳದಲ್ಲಿ ಹೊಂಗೆ, ಮಾವು ಇದ್ದೇ ಇರುತ್ತೆ. ಮೂಲೆಯಲ್ಲಿ ಮೊಣಕಾಲುದ್ದದ ಗುಂಡಿ ತೋಡಿಸಿ. ಒಂದು ಗೇಣು ದರಗು, ಅದರ ಮೇಲೆ ಸಗಣಿ ನೀರು, ಒಂದು ಹಿಡಿ ಮಣ್ಣು. ಹೀಗೆ ತುಂಬುವ ತನಕ. ಒಣಗದ ಹಾಗೆ ನೀರು ಚಿಮುಕಿಸಿ, ಆಗಾಗ ಮಗುಚಿದರೆ ಮುಂಗಾರಿನ ಹೊತ್ತಿಗೆ ಬಿಸಿಯೂಟದ ತರಕಾರಿ ಮಡಿಗೆ ಹಾಕಬಹುದು. ಗುಡಿಸುವ ಪಾಳಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ, ಒಂದು ಹೆಸರೂ ಬಿಡದೆ, ಗೋಡೆಯ ಮೇಲೆ ಬರೆದು ಹಚ್ಚಿ. ನಿಮ್ಮ ಹೆಸರನ್ನೂ ಸೇರಿಸಿ.