ಔಷಧದ ಕಪಾಟು, ಒಣಗದ ಹಾಸಿಗೆ: ಕಾಸರಗೋಡಿನ ಆರೈಕೆ ಮನೆಗಳು

ಆಶ್ರಯಮನೆಗಳ ಬಗ್ಗೆ ಮಾತು ಬಂದಾಗ ಕಟ್ಟಡ, ದಾನಿಗಳು, ಊಟ ಇವುಗಳ ಸುದ್ದಿಯೇ ಮೊದಲು. ಔಷಧದ ಕಪಾಟಿನ ಸರದಿ ಬರುವುದು ಕೊನೆಗೆ. ನಮ್ಮ ಕಾನೂನು ಬೆಳೆದುಬಂದದ್ದೂ ಇದೇ ಕ್ರಮದಲ್ಲಿ. ಅನಾಥಾಲಯ ಮತ್ತು ಧರ್ಮಾರ್ಥ ಆಶ್ರಯಮನೆಗಳ 1960ರ ಕಾಯ್ದೆಯ ಗಮನವಿದ್ದುದು ಮಾನ್ಯತೆ ಮತ್ತು ಮೇಲ್ವಿಚಾರಣೆಯ ಮೇಲೆ. ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಇರಬೇಕೆಂದಿತು 2007ರ ಹಿರಿಯ ನಾಗರಿಕರ ಕಾಯ್ದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದರು. ಆ ಆಘಾತದ ನಂತರವೇ ಇಂಥ ಮನೆಗಳ ಮೇಲೆ ನಿಜವಾದ ಕಣ್ಣು ಬಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿತು.

ಕಪಾಟಿನ ಒಳಗೆ ನೋಡುವ ಕೆಲಸ ಹೊರದೇಶಗಳಲ್ಲಿ ಮೊದಲೇ ಶುರುವಾಗಿತ್ತು. ವೃದ್ಧರನ್ನು ಸುಮ್ಮನಿರಿಸಲು ನಿದ್ದೆಮಾತ್ರೆ ಕೊಡಬಾರದೆಂದು ಅಮೆರಿಕ 1987ರಲ್ಲಿ ಕಾನೂನು ಮಾಡಿತು. ಹಿರಿಯರಿಗೆ ಹಾನಿ ಮಾಡಬಲ್ಲ ಔಷಧಗಳನ್ನು ವೈದ್ಯ ಮಾರ್ಕ್ ಬೀರ್ಸ್ 1991ರಲ್ಲಿ ಪಟ್ಟಿ ಮಾಡಿದರು. ಇಂಗ್ಲೆಂಡಿನ 55 ಆರೈಕೆ ಮನೆಗಳ 256 ಜನರನ್ನು ಗಮನಿಸಿದ 2009ರ ಅಧ್ಯಯನದ ಫಲಿತಾಂಶ ಕಳವಳಕಾರಿ: ಹತ್ತರಲ್ಲಿ ಸುಮಾರು ಏಳು ಮಂದಿಯ ಔಷಧದಲ್ಲಿ ಒಂದಾದರೂ ತಪ್ಪಿತ್ತು. ಚೀಟಿ ಬರೆಯುವಾಗ, ಅಂಗಡಿಯಲ್ಲಿ ಕೊಡುವಾಗ, ರೋಗಿಗೆ ನುಂಗಿಸುವಾಗ, ಆಮೇಲೆ ನಿಗಾ ಇಡುವಾಗ, ಹೀಗೆ ಎಲ್ಲ ಹಂತಗಳಲ್ಲೂ ತಪ್ಪುಗಳು ಕಂಡವು.

ಕಾಸರಗೋಡಿನಲ್ಲಿ ಈ ಪ್ರಶ್ನೆಯ ತೂಕ ಇನ್ನೂ ಹೆಚ್ಚು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು, ಆದರೆ ಎಣ್ಮಕಜೆಯಂಥ ಗ್ರಾಮಗಳಲ್ಲಿ ಜೀವನವಿಡೀ ಆರೈಕೆ ಬೇಕಾದವರು ಉಳಿದರು. ಅವರಲ್ಲಿ ಅಪಸ್ಮಾರದ ಮಾತ್ರೆಯನ್ನು ಒಂದು ಹೊತ್ತೂ ಬಿಡಲಾಗದವರಿದ್ದಾರೆ. ಮುಳಿಯಾರಿನ ಪುನರ್ವಸತಿ ಗ್ರಾಮದ ಮೊದಲ ಹಂತ ಉದ್ಘಾಟನೆಯಾದದ್ದು 2024ರಲ್ಲಿ. ಪರವನಡ್ಕದಲ್ಲಿ ಸರ್ಕಾರಿ ವೃದ್ಧಾಶ್ರಮವಿದೆ. ಬೀದಿಪಾಲಾದ ಮಾನಸಿಕ ರೋಗಿಗಳಿಗೆ ಮಂಜೇಶ್ವರದ ಪಾವೂರಿನಲ್ಲಿ ಸ್ನೇಹಾಲಯವಿದೆ.

ಇಲ್ಲಿನ ಮಳೆಗಾಲ ಗೊತ್ತಿದ್ದವರಿಗೆ ಔಷಧವನ್ನೂ ಶುಚಿತ್ವವನ್ನೂ ಬೇರೆಬೇರೆಯಾಗಿ ನೋಡಲಾಗದು. ಅಪಸ್ಮಾರಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವಾರದ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಿಡುವ ಅನುಕೂಲದ ಪದ್ಧತಿ ಆಟಿ ತಿಂಗಳ ಮಳೆಯಲ್ಲಿ ಅಪಾಯಕಾರಿ. ಕಜ್ಜಿ ಹುಳ ಹತ್ತಿದರೆ ಮನೆಯವರೆಲ್ಲರೂ ಒಟ್ಟಿಗೆ ಪರ್ಮೆಥ್ರಿನ್ ಹಚ್ಚಿಕೊಳ್ಳಬೇಕು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು. ಬಿಸಿಲೇ ಕಾಣದ ವಾರಗಳಲ್ಲಿ ಐವತ್ತು ಹೊದಿಕೆ ಒಣಗಿಸುವುದು ಎಲ್ಲಿ? ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕನಿಷ್ಠ ಮೂರು ದಿನ ಇಡುವುದೊಂದು ದಾರಿ. ಅಡುಗೆಮನೆಯ ಕೊಳೆಯಿಂದ ವಾಂತಿಭೇದಿ ಶುರುವಾದರೆ ಲಿಥಿಯಂ ಸೇವಿಸುವವರ ಮೈಯ ನೀರು ಬತ್ತಿ, ನಿತ್ಯದ ಅದೇ ಮಾತ್ರೆ ವಿಷವಾಗಬಲ್ಲದು. ಕೈ ತೊಳೆಯುವ ಸಾಬೂನನ್ನೂ ಔಷಧದ ಲೆಕ್ಕಕ್ಕೇ ಸೇರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕೇರಳದಲ್ಲಿ ಔಷಧ ನಿರ್ವಹಣೆಯ ಶಿಸ್ತನ್ನು ಊರೂರಿಗೆ ತಲುಪಿಸಿದವರು ಸಾಂತ್ವನ ಚಿಕಿತ್ಸೆಯ ಕಾರ್ಯಕರ್ತರು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಆ ಚಳವಳಿ 2008ರಲ್ಲಿ ಸರ್ಕಾರದ ನೀತಿಯಾಯಿತು. ನೋವಿಗೆ ಕೊಡುವ ಮಾರ್ಫಿನ್‌ಗೆ ಬೀಗ ಬೇಕು, ಪ್ರತಿ ಮಾತ್ರೆಗೂ ಲೆಕ್ಕ ಬೇಕು. ಇನ್ಸುಲಿನ್ ಮತ್ತು ರಕ್ತ ತೆಳುಮಾಡುವ ಗುಳಿಗೆಗಳಿಗೂ ಅಷ್ಟೇ ಎಚ್ಚರ ಸಲ್ಲಬೇಕು. ಉಳಿದ, ಅವಧಿ ಮೀರಿದ ಮಾತ್ರೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹಳದಿ ಚೀಲವನ್ನು ಗೊತ್ತುಮಾಡಿದೆ. ಅವನ್ನು ತೋಡಿಗೆ ಎಸೆದರೆ ಸೇರುವುದು ಕುಡಿಯುವ ನೀರಿಗೇ.

ಗಡಿನಾಡಿಗೆ ಇನ್ನೊಂದು ಅಗತ್ಯವಿದೆ. ಚೀಟಿ ಮಂಗಳೂರಿನ ಆಸ್ಪತ್ರೆಯದು, ಇಂಗ್ಲಿಷಿನದು; ಜಿಲ್ಲೆಯ ಆಡಳಿತ ಮಲಯಾಳದ್ದು; ರಾತ್ರಿ ಪಾಳಿಯಲ್ಲಿ ಮಾತ್ರೆ ಕೊಡುವವರು ಕನ್ನಡ ಮಾತ್ರ ಓದಬಲ್ಲವರಿರಬಹುದು. ರೋಗಿಯ ಹೆಸರು, ಔಷಧ, ಪ್ರಮಾಣ, ಹೊತ್ತು, ಕೊಟ್ಟವರ ಸಹಿ ಇಷ್ಟಿರುವ ದಿನಚೀಟಿ ಅವರು ಓದುವ ಲಿಪಿಯಲ್ಲೇ ಗೋಡೆಯ ಮೇಲಿರಬೇಕು. ಕೊಡದೆ ಬಿಟ್ಟ ಮಾತ್ರೆಯೂ ಕಾರಣ ಸಮೇತ ಅದರಲ್ಲಿ ದಾಖಲಾಗಬೇಕು. ತಪಾಸಣೆಗೆ ಬರುವ ಅಧಿಕಾರಿ ಮಾನ್ಯತಾ ಪತ್ರಕ್ಕಿಂತ ಮೊದಲು ಆ ಚೀಟಿಯನ್ನು ಕೇಳಲಿ, ಆಮೇಲೆ ಒಣಹಾಕಿದ ಹಾಸಿಗೆಗಳನ್ನು ಮುಟ್ಟಿ ನೋಡಲಿ.